30 ಮಕ್ಕಳಿದ್ದರೆ 10,000, 31 ಆದರೆ 25,000: ಸಣ್ಣ ಸರ್ಕಾರಿ ಶಾಲೆಗಳ ಕೊರತೆಯ ಲೆಕ್ಕ ಹಾಕೋಣ ಬನ್ನಿ

ಗಡಿನಾಡು_ಪಾವಗಡ:

ಶಾಲಾ ಅಭಿವೃದ್ಧಿ ಯೋಜನೆಯನ್ನ ಆರ್ಥಿಕ ವರ್ಷ ಮುಗಿಯೋಕೆ ಮೂರು ತಿಂಗಳು ಮೊದಲೇ, ಅಂದ್ರೆ ಡಿಸೆಂಬರ್ ಒಳಗೆ, ಎಸ್‌ಡಿಎಂಸಿ (ಪೋಷಕರೇ ಹೆಚ್ಚಿರೋ ಶಾಲಾ ಸಮಿತಿ) ಬರೆದು ಕೊಡಬೇಕು. ಬಹಳ ಕಡೆ ಹೋದ ವರ್ಷದ ಹಾಳೆಗೆ ಹೊಸ ತಾರೀಕು ಹಾಕಿ ಕಳಿಸೋದು ರೂಢಿಯಾಗಿಬಿಟ್ಟಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯವರು ಇಲ್ಲಿ ಇದ್ದೀರಿ. ಯಾವ ಕೊರತೆ ಎಲ್ಲಿಂದ ಹುಟ್ಟುತ್ತೆ, ಯಾವುದನ್ನ ಯಾರ ಹತ್ತಿರ ಕೇಳಬೇಕು ಅಂತ ತಿಳಿದವರು ಬರೀರಿ.

ಮೊದಲು ದುಡ್ಡಿನ ಲೆಕ್ಕ. ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ ನಿಂತಿದೆ. 1ರಿಂದ 30 ಮಕ್ಕಳಿಗೆ 10,000 ರೂ., 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1000ಕ್ಕೆ 75,000, ಅದರ ಮೇಲೆ 1 ಲಕ್ಷ. ಬಂದಿದ್ದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಖರ್ಚಾಗಬೇಕು.

ತಲೆಗೆ ಎಷ್ಟು ಅಂತ ನೋಡಿದರೆ ಸಣ್ಣ ಶಾಲೆಗೆ ಅನ್ಯಾಯ ಆದಂಗೆ ಕಾಣಲ್ಲ. 30 ಮಕ್ಕಳ ಶಾಲೆಯಲ್ಲಿ ತಲೆಗೆ 333 ರೂ., 250 ಮಕ್ಕಳ ಶಾಲೆಯಲ್ಲಿ ಬರೀ 200. ಆದರೆ ಖರ್ಚು ತಲೆ ಎಣಿಸಿ ಬರಲ್ಲ. ಒಂದು ಮೋಟರು ಸುಟ್ಟರೆ ರಿವೈಂಡಿಂಗ್ ಕೂಲಿ ಎರಡೂ ಕಡೆ ಒಂದೇ. ಒಡೆದ ಹೆಂಚು, ಸುಣ್ಣಬಣ್ಣ, ಸೀಮೆಸುಣ್ಣ, ಹಾಜರಿ ಪುಸ್ತಕ, ಶೌಚಾಲಯದ ಬಾಗಿಲು, ನಲ್ಲಿ, ಬಲ್ಬು ಎಲ್ಲ ಸೇರಿ ತಿಂಗಳಿಗೆ 833 ರೂಪಾಯಿಯಲ್ಲಿ ಮುಗೀಬೇಕು ಅಂದ್ರೆ ಹೇಗೆ? ಪಾವಗಡ, ಬಾಗೇಪಲ್ಲಿ, ಗುಡಿಬಂಡೆ ಕಡೆ ಚದುರಿದ ಸಣ್ಣ ಹಳ್ಳಿಗಳೇ ಜಾಸ್ತಿ, ಅದಕ್ಕೇ ಸಣ್ಣ ಶಾಲೆಗಳೂ ಜಾಸ್ತಿ. ತುಮಕೂರು ನಗರದ ದೊಡ್ಡ ಶಾಲೆಗೂ ಗಡಿ ಹಳ್ಳಿಯ ಶಾಲೆಗೂ ಒಂದೇ ನಿಯಮ ಅಂದಾಗ ಏಟು ಬೀಳೋದು ಗಡಿ ಹಳ್ಳಿಗೆ.

ಲೆಕ್ಕಪತ್ರ_ಗೌರಿಬಿದನೂರು:

ಅಕ್ಕಾ, ನೀವು ಹೇಳಿದ ಲೆಕ್ಕ ಸರಿ. ಅದಕ್ಕೂ ಹಿಂದಿನ ಮೆಟ್ಟಿಲು ಒಂದಿದೆ. ಕೊರತೆ ಅನ್ನೋದು ಮೊದಲು ಯು-ಡೈಸ್ ನಮೂನೆಯಲ್ಲಿ, ಅಂದ್ರೆ ಪ್ರತಿ ಶಾಲೆ ವರ್ಷವರ್ಷ ತುಂಬೋ ಮಾಹಿತಿ ಪಟ್ಟಿಯಲ್ಲಿ, ಕಾಣಬೇಕು. ಅಲ್ಲಿ ಕಾಣದಿದ್ದರೆ ತಾಲ್ಲೂಕು, ಜಿಲ್ಲೆ, ರಾಜ್ಯದ ವಾರ್ಷಿಕ ಯೋಜನೆ ಯಾವುದರಲ್ಲೂ ಅದು ಬರಲ್ಲ.

ಯು-ಡೈಸ್ ಮಾಹಿತಿಗೆ ಆಧಾರ ದಿನಾಂಕ ಸೆಪ್ಟೆಂಬರ್ 30. ಆ ದಿನದ ಸ್ಥಿತಿಯನ್ನ ಮುಖ್ಯ ಶಿಕ್ಷಕರು ತುಂಬ್ತಾರೆ, ಸಿಆರ್‌ಪಿ, ಬಿಇಒ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಹಂತದಲ್ಲಿ ಪರಿಶೀಲನೆ ಆಗುತ್ತೆ. ತಪ್ಪು ಆಗೋ ಜಾಗಗಳು ಇವು.

ಶೌಚಾಲಯ: ಒಟ್ಟು ಎಷ್ಟು ಅನ್ನೋದು ಒಂದು ಕಾಲಂ, ಬಳಕೆಯಲ್ಲಿ ಎಷ್ಟು ಅನ್ನೋದು ಇನ್ನೊಂದು. ಎರಡಕ್ಕೂ ಒಂದೇ ಸಂಖ್ಯೆ ಬರೆದುಬಿಡ್ತಾರೆ. ಬೀಗ ಹಾಕಿದ್ದು, ಪಿಟ್ ತುಂಬಿದ್ದು, ನೀರಿನ ಪೈಪು ಸೇರಿಸದೇ ಇರೋದು ಯಾವುದೂ ಬಳಕೆಯಲ್ಲಿರೋದು ಅಲ್ಲ. ಕುಡಿಯುವ ನೀರು: ನಲ್ಲಿ ಇದೆ ಅಂತ ಟಿಕ್ ಬೀಳುತ್ತೆ, ಯಾಕಂದ್ರೆ 2020ರ ಅಕ್ಟೋಬರ್‌ನಲ್ಲಿ ಶುರುವಾದ ಜಲ ಜೀವನ್ ಮಿಷನ್‌ನ 100 ದಿನಗಳ ಅಭಿಯಾನದಲ್ಲಿ ಶಾಲೆಗಳಿಗೆ ನಲ್ಲಿ ಹಾಕಿದ್ರು. ನಲ್ಲಿ ಗೋಡೆ ಮೇಲೆ ಇರುತ್ತೆ, ನೀರು ಬರಲ್ಲ. ಕೊಠಡಿ: ಚೆನ್ನಾಗಿದೆ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಅಂತ ಮೂರು ವಿಭಾಗ. ಚಾವಣಿಯ ಕಬ್ಬಿಣ ಕಾಣ್ತಿದ್ದರೆ, ತೊಲೆಗೆ ಗೆದ್ದಲು ಹಿಡಿದಿದ್ದರೆ ಅದು ದೊಡ್ಡ ದುರಸ್ತಿ. ಸಣ್ಣ ದುರಸ್ತಿ ಅಂತ ಬರೆದರೆ ಅದನ್ನ ಶಾಲಾ ಅನುದಾನದಲ್ಲೇ ಮಾಡ್ಕೊಳ್ಳಿ ಅಂತಾರೆ. ವಿದ್ಯುತ್: ಸಂಪರ್ಕ ಇದೆ, ಆದರೆ ಕೆಲಸ ಮಾಡ್ತಿಲ್ಲ ಅಂತ ಹೇಳೋಕೂ ಆಯ್ಕೆ ಇದೆ. ಅದನ್ನ ಬಳಸೋರು ಕಡಿಮೆ.

ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ ಗೊತ್ತಿದ್ದರೆ ಯಾರು ಬೇಕಾದರೂ ಆ ಶಾಲೆಯ ವರದಿ ಕಾರ್ಡನ್ನ ಜಾಲತಾಣದಲ್ಲಿ ನೋಡಬಹುದು. ಪ್ರಿಂಟ್ ತೆಗೆದು ಎಸ್‌ಡಿಎಂಸಿ ಸಭೆಯಲ್ಲಿ ಒಂದೊಂದೇ ಸಾಲು ಓದಿ, ಎದ್ದು ಹೋಗಿ ಕಣ್ಣಾರೆ ನೋಡಿ ಬನ್ನಿ.

ಮಾಲೂರು_ಪೋಷಕಿ:

ಸರ್, ನಿಜ ಬರೆದರೆ ಶಾಲೆ ಹೆಸರು ಕೆಡುತ್ತೆ, ಅದನ್ನ ನೋಡಿ ಇರೋ ಮಕ್ಕಳನ್ನೂ ಕಾನ್ವೆಂಟಿಗೆ ಸೇರಿಸ್ತಾರೆ ಅಂತ ಹೇಳ್ತಾರಲ್ಲ? ಆ ಭಯ ಸುಳ್ಳೂ ಅಲ್ಲ.

ಲೆಕ್ಕಪತ್ರ_ಗೌರಿಬಿದನೂರು:

ಸುಳ್ಳಲ್ಲ ಮೇಡಂ. ಆದರೆ ಶೌಚಾಲಯ ಹೇಗಿದೆ ಅಂತ ಪೋಷಕರಿಗೆ ಮಕ್ಕಳೇ ಹೇಳ್ತಾರೆ, ಯಾರೂ ಯು-ಡೈಸ್ ನೋಡಿ ಶಾಲೆ ಬಿಡಿಸಲ್ಲ. ಯು-ಡೈಸ್ ನೋಡೋದು ದುಡ್ಡು ಹಂಚೋರು. ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಇದ್ದರೆ ಅವರ ಪಟ್ಟಿಯಲ್ಲಿ ನಿಮ್ಮ ಶಾಲೆ ಕೊನೆಗೆ ಹೋಗುತ್ತೆ.

ಇನ್ನೊಂದು ಮಾತು. 29 ಮಕ್ಕಳಿದ್ದ ಕಡೆ ಇಬ್ಬರ ಹೆಸರು ಸುಮ್ಮನೆ ಸೇರಿಸಿ 31 ಮಾಡೋ ಯೋಚನೆ ಯಾರಿಗೂ ಬೇಡ. ಹೆಸರು ಸೇರಿದ ಕ್ಷಣ ಅಕ್ಕಿ, ಹಾಲಿನ ಪುಡಿ, ಪಠ್ಯಪುಸ್ತಕ ಎಲ್ಲದರ ಲೆಕ್ಕವೂ ಸುಳ್ಳಾಗುತ್ತೆ, ಒಂದು ತಪಾಸಣೆಗೆ ಎಲ್ಲ ಹೊರಗೆ ಬರುತ್ತೆ. ಮಾಡಬೇಕಾದ ಕೆಲಸ ಬೇರೆ. ನಿಜವಾಗಿ ತರಗತಿಯಲ್ಲಿ ಕೂತಿದ್ದರೂ ಹಳೇ ಶಾಲೆಯಿಂದ ಟಿಸಿ ಬರದೆ ಎಸ್‌ಎಟಿಎಸ್‌ನಲ್ಲಿ (ಮಕ್ಕಳ ದಾಖಲಾತಿಯ ಆನ್‌ಲೈನ್ ಪಟ್ಟಿ) ಹೆಸರು ಸೇರದ ಮಕ್ಕಳು ಇರ್ತಾರೆ. ಇಟ್ಟಿಗೆ ಗೂಡು, ಕೋಳಿ ಫಾರಂ, ಟೊಮೆಟೊ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಇವರು. ಟಿಸಿ ಇಲ್ಲ, ಟಿಸಿ ತಡವಾಯ್ತು ಅಂತ ದಾಖಲಾತಿ ನಿರಾಕರಿಸೋ ಹಾಗಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನೇ ಹೇಳುತ್ತೆ. ಅವರ ವರ್ಗಾವಣೆಯನ್ನ ಸೆಪ್ಟೆಂಬರ್ ಒಳಗೆ ಮುಗಿಸಿ.

ಕೆರೆಕಟ್ಟೆ_ಶ್ರೀನಿವಾಸಪುರ:

ನೀರಿನ ವಿಷಯ ನಾನು ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ.

ಈ ಮೂರು ಜಿಲ್ಲೆಗಳ ಬಹಳಷ್ಟು ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರಿನ ಮೂಲವೇ ಇಲ್ಲದ ಕಡೆ ಹೆಚ್ಚೆಂದರೆ 1.5. ಹಲ್ಲಿನ ಮೇಲೆ ಕಂದು ಕಲೆ ಬೀಳೋದು ಹಲ್ಲು ಒಳಗೆ ಬೆಳೀತಿರೋ ವಯಸ್ಸಲ್ಲಿ, ಅಂದ್ರೆ ಸುಮಾರು 8 ವರ್ಷದ ಒಳಗೆ. ಹಾಗಾಗಿ ಅಂಗನವಾಡಿ ಮತ್ತು ಕಿರಿಯ ಪ್ರಾಥಮಿಕ ಶಾಲೆಯ ನೀರು ಹೈಸ್ಕೂಲಿನ ನೀರಿಗಿಂತ ಮೊದಲು ಸರಿಯಾಗಬೇಕು.

ತಪ್ಪು ತಿಳುವಳಿಕೆ ಮೂರು ಇವೆ. ಟಿಡಿಎಸ್ ಮೀಟರ್ ಅದ್ದಿ ನೀರು ಚೆನ್ನಾಗಿದೆ ಅನ್ನೋದು ಮೊದಲನೇದು. ಟಿಡಿಎಸ್ ಮೀಟರ್ ಕರಗಿದ ಒಟ್ಟು ಲವಣದ ಅಂದಾಜು ಕೊಡುತ್ತೆ, ಫ್ಲೋರೈಡ್ ಎಷ್ಟು ಅಂತ ಹೇಳಲ್ಲ. ಕುದಿಸಿದರೆ ಸರಿಹೋಗುತ್ತೆ ಅನ್ನೋದು ಎರಡನೇದು. ಕುದಿಸಿದರೆ ರೋಗಾಣು ಸಾಯ್ತವೆ, ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತೆ. ಕುಡಿಯೋಕೆ ಮಾತ್ರ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಅಡುಗೆಗೆ ಬೋರ್‌ವೆಲ್ ನೀರು ಹಾಕೋದು ಮೂರನೇದು. ಅನ್ನ ತಾನು ಬೆಂದ ನೀರನ್ನ ಪೂರ್ತಿ ಹೀರಿಕೊಳ್ಳುತ್ತೆ, ಸಾಂಬಾರು, ಹಾಲು ಎಲ್ಲ ಅದೇ ನೀರು. ಮಗುವಿನ ಹೊಟ್ಟೆಗೆ ಫ್ಲೋರೈಡ್ ಹೋಗೇ ಹೋಗುತ್ತೆ.

ಎಷ್ಟು ನೀರು ಬೇಕು? 1ರಿಂದ 5ನೇ ತರಗತಿಯ 60 ಮಕ್ಕಳ ಶಾಲೆ ಅಂತ ಇಟ್ಕೊಳ್ಳಿ. ಅಕ್ಷರ ದಾಸೋಹದಲ್ಲಿ ಈ ತರಗತಿಗಳಿಗೆ ತಲೆಗೆ 100 ಗ್ರಾಂ ಅಕ್ಕಿ, ಒಟ್ಟು 6 ಕೆಜಿ. ಅದಕ್ಕೆ ಸುಮಾರು 18 ಲೀಟರ್ ನೀರು. ಸಾಂಬಾರಿಗೆ 10. ಹಾಲು ತಲೆಗೆ 150 ಮಿ.ಲೀ. ಅಂದ್ರೆ 9 ಲೀಟರ್. ತೊಳೆಯೋದು ಬಿಟ್ಟು ಅಡುಗೆಗೆ ದಿನಕ್ಕೆ 40 ಲೀಟರ್ ಒಳಗೇ. ಕುಡಿಯೋಕೆ ತಲೆಗೆ ಒಂದೂವರೆ ಲೀಟರ್, 90 ಲೀಟರ್. ಒಟ್ಟು 130 ಲೀಟರ್ ಒಳ್ಳೇ ನೀರು ಸಾಕು. ಪಾತ್ರೆ, ಶೌಚಾಲಯ, ಗಿಡಕ್ಕೆ ಬೋರ್‌ವೆಲ್ ನೀರೇ ಆಗಲಿ.

ಈ 130 ಲೀಟರ್ ಚಾವಣಿಯಿಂದಲೇ ಸಿಗುತ್ತೆ. 100 ಚದರ ಮೀಟರ್ ಆರ್‌ಸಿಸಿ ಚಾವಣಿ, ವರ್ಷಕ್ಕೆ 600 ಮಿ.ಮೀ. ಮಳೆ ಅಂತ ಕಮ್ಮಿಯೇ ಹಿಡಿಯಿರಿ, ಶೇ 20ರಷ್ಟು ವ್ಯರ್ಥ ಬಿಡಿ. 100 × 0.6 × 0.8 = 48 ಘನ ಮೀಟರ್, ಅಂದ್ರೆ 48,000 ಲೀಟರ್. ಬೇಕಿರೋದು 220 ಶಾಲಾ ದಿನಕ್ಕೆ 28,600. ಅಷ್ಟನ್ನೂ ಒಂದೇ ಸಲ ಹಿಡಿದಿಡಬೇಕಿಲ್ಲ, ಮಳೆಗಾಲದಲ್ಲಿ ತುಂಬ್ತಾ ಬಳಸ್ತಾ ಹೋಗುತ್ತೆ. ಡಿಸೆಂಬರಿಂದ ಏಪ್ರಿಲ್ ರಜೆ ಶುರುವಾಗೋವರೆಗೆ ಸುಮಾರು 100 ಶಾಲಾ ದಿನಕ್ಕೆ 13,000 ಲೀಟರ್ ಸಾಕು. 3 ಮೀಟರ್ ಉದ್ದ, 2.5 ಅಗಲ, 2 ಆಳದ ಸಂಪು ಕಟ್ಟಿದರೆ 15,000 ಲೀಟರ್ ಹಿಡಿಯುತ್ತೆ.

ಹಾಳಾಗೋದು ಎಲ್ಲಿ ಅಂತ ಹೇಳ್ತೀನಿ, ಕಟ್ಟಿದ ಎಷ್ಟೋ ಘಟಕ ಇದರಿಂದಲೇ ಮೂಲೆಗೆ ಬಿದ್ದಿವೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಬೇಕು. 100 ಚದರ ಮೀಟರಿಗೆ ಮೊದಲ ಒಂದೂವರೆ ಮಿ.ಮೀ. ಮಳೆ ಅಂದ್ರೆ 150 ಲೀಟರ್. ಗುತ್ತಿಗೆದಾರರು 6 ಇಂಚಿನ ಪೈಪಿನ ಒಂದು ಮೀಟರ್ ತುಂಡು ಇಳಿಸಿ ಮುಗಿಸ್ತಾರೆ, ಅದರಲ್ಲಿ ಹಿಡಿಯೋದು 18-20 ಲೀಟರ್ ಮಾತ್ರ. ಉಳಿದ ಪಾರಿವಾಳದ ಹಿಕ್ಕೆ, ಧೂಳು ಎಲ್ಲ ಸಂಪಿಗೆ ಇಳಿಯುತ್ತೆ, ಒಂದೇ ಮಳೆಗೆ ನೀರು ವಾಸನೆ ಬಂದು ಯಾರೂ ಮುಟ್ಟಲ್ಲ. 200 ಲೀಟರಿನ ಡ್ರಮ್ ಇಡಿ, ಕೆಳಗೆ ಕೊಳಾಯಿ ಇರಲಿ, ಮಳೆ ನಿಂತ ಮೇಲೆ ಖಾಲಿ ಮಾಡೋಕೆ ಒಬ್ಬರ ಹೆಸರು ಬರೆದಿಡಿ. ಅದಾದ ಮೇಲೆ ಜಲ್ಲಿ, ಮರಳು, ಇದ್ದಿಲಿನ ಸೋಸು ತೊಟ್ಟಿ. ಮಳೆಗಾಲಕ್ಕೆ ಮುಂಚೆ ಮರಳನ್ನ ತೆಗೆದು ತೊಳೀಬೇಕು. ಸಂಪಿನ ಮುಚ್ಚಳದಲ್ಲಿ ಬೆಳಕು ಇಳಿದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. ಬ್ಲೀಚಿಂಗ್ ಪೌಡರ್ 1000 ಲೀಟರಿಗೆ ಎರಡೂವರೆ ಗ್ರಾಂ, ಹಾಕಿ ಒಂದು ಗಂಟೆ ಬಿಟ್ಟು ಬಳಸಿ. ಬಾಯಿ ಬಿಚ್ಚಿಟ್ಟ ಚೀಲದ ಪುಡಿಗೆ ಸತ್ವ ಇರಲ್ಲ, ಗಾಳಿಯಾಡದ ಡಬ್ಬಿಯಲ್ಲಿಡಿ.

ಬಂಗಾರಪೇಟೆ_ಯುವಕ:

ಅಣ್ಣಾ, ಇಷ್ಟೆಲ್ಲ ಯಾಕೆ? ದಾನಿಗಳನ್ನ ಹಿಡಿದು ಶಾಲೆಗೆ ಒಂದು ಆರ್‌ಒ ನೀರು ಶುದ್ಧೀಕರಣ ಯಂತ್ರ ಹಾಕಿಸಿದರೆ ಒಂದೇ ದಿನದ ಕೆಲಸ.

ಕೆರೆಕಟ್ಟೆ_ಶ್ರೀನಿವಾಸಪುರ:

ತಮ್ಮಾ, ಆರ್‌ಒ ಫ್ಲೋರೈಡ್ ತೆಗೆಯುತ್ತೆ, ಅದರಲ್ಲಿ ಅನುಮಾನ ಇಲ್ಲ. ಹಾಕೋಕೆ ದಾನಿ ಸಿಗ್ತಾರೆ, ನಡೆಸೋಕೆ ಸಿಗಲ್ಲ. ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್ ಆಗಾಗ ಬದಲಾಯಿಸಬೇಕು, ಗಡಸು ನೀರಲ್ಲಿ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತೆ. ಮೆಂಬ್ರೇನ್ ಹಾಳಾದ ಮೇಲೂ ನಲ್ಲಿಯಲ್ಲಿ ನೀರು ಬರ್ತಾನೇ ಇರುತ್ತೆ, ನೋಡೋಕೆ ತಿಳಿಯಾಗೇ ಇರುತ್ತೆ, ಫ್ಲೋರೈಡ್ ಮಾತ್ರ ಹಾಗೇ ಉಳಿದಿರುತ್ತೆ. 10,000 ಅನುದಾನದ ಶಾಲೆಗೆ ವರ್ಷವರ್ಷ ಆ ಖರ್ಚು ಭಾರ. ಒಳಗೆ ಹೋದ ನೀರಲ್ಲಿ ದೊಡ್ಡ ಪಾಲು ರಿಜೆಕ್ಟ್ ಆಗಿ ಹೊರಗೆ ಹೋಗುತ್ತೆ, ಅದನ್ನ ಮೋರಿಗೆ ಬಿಡದೆ ಶೌಚಾಲಯದ ತೊಟ್ಟಿಗೆ ಕೊಡಬೇಕು. ಹಾಕಿಸೋದಾದರೆ ಮೂರು ವರ್ಷದ ನಿರ್ವಹಣಾ ಒಪ್ಪಂದ ಸೇರಿಸಿಯೇ ಬರೆಸಿಕೊಳ್ಳಿ.

ಯಾವ ದಾರಿ ಹಿಡಿದರೂ ಮೊದಲು ನೀರು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಇರುತ್ತೆ, ಅದು ಅಂದಾಜಿಗೆ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದ ವರದಿ ಇದ್ದರೆ ಅರ್ಜಿಗೆ ತೂಕ. ಮಾದರಿಯನ್ನ ಶುದ್ಧವಾದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಡಿ, ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ. ಮೋಟರ್ ಐದು ನಿಮಿಷ ಓಡಿಸಿ, ಅದೇ ನೀರಲ್ಲಿ ಬಾಟಲಿ ಮೂರು ಸಲ ತೊಳೆದು ತುಂಬಿಸಿ. ಬೇಸಿಗೆಯಲ್ಲಿ ಒಂದು ಸಲ, ಮಳೆ ಆದ ಮೇಲೆ ಒಂದು ಸಲ ಮಾಡಿಸಿದರೆ ವ್ಯತ್ಯಾಸ ಗೊತ್ತಾಗುತ್ತೆ.

ಗಡಿನಾಡು_ಪಾವಗಡ:

ಇದನ್ನ ಹಾಗೇ ಪ್ರಿಂಟ್ ತೆಗೆದು ಪಂಚಾಯ್ತಿಗೆ ಕೊಡಬಹುದು ಅಣ್ಣಾ. 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ (ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕಾದ ದುಡ್ಡು) ಆಗಿತ್ತು, ಅದರಲ್ಲಿ ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, ಅರ್ಧ ನೈರ್ಮಲ್ಯಕ್ಕೆ ಅಂತಲೇ ಇಟ್ಟಿದ್ದು. ಶಾಲೆಯ ನೀರು, ಶೌಚಾಲಯ ಎರಡೂ ಆ ಎರಡು ಬಾಬ್ತಿಗೆ ಸರಿಯಾಗಿ ಹೊಂದುತ್ತೆ. ಪಂಚಾಯ್ತಿ ಕ್ರಿಯಾ ಯೋಜನೆ ಬರೆಯೋವಾಗ ಶಾಲೆಯವರು ಅಲ್ಲಿ ಇರಲ್ಲ, ಅದಕ್ಕೇ ಅದು ಚರಂಡಿ ಕೆಲಸಕ್ಕೆ ಹೋಗುತ್ತೆ. ನವೆಂಬರ್ 14ರ ಆಸುಪಾಸಿನ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳ ಬಾಯಿಂದಲೇ ಈ ಬೇಡಿಕೆ ಬಂದು ನಡಾವಳಿಯಲ್ಲಿ ದಾಖಲಾದರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅದಕ್ಕೆ ಉತ್ತರ ಕೊಡಬೇಕಾಗುತ್ತೆ.

ನಲಿಕಲಿ_ಮೇಷ್ಟ್ರು_ಮಧುಗಿರಿ:

ಕಟ್ಟಡ, ನೀರು ಎಲ್ಲ ಸರಿ. ಶಿಕ್ಷಕರ ಕೊರತೆ ಬಗ್ಗೆ ಮಾತಾಡದೆ ಸಮಾನತೆ ಅನ್ನೋ ಮಾತು ಪೂರ್ತಿ ಆಗಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4. ಕಾಗದದ ಮೇಲೆ 60 ಮಕ್ಕಳಿಗೆ ಇಬ್ಬರು, 30ಕ್ಕೆ ಒಬ್ಬರು. ಒಳ್ಳೇ ಅನುಪಾತವೇ. ಆದರೆ ತರಗತಿ ಐದು. ನಲಿ-ಕಲಿ ಅನ್ನೋ ಚಟುವಟಿಕೆ ಪದ್ಧತಿಯಲ್ಲಿ 1, 2, 3 ಒಂದೇ ಕೋಣೆಯಲ್ಲಿ ಕೂರ್ತಾರೆ, ಒಬ್ಬರು ಅದನ್ನ ನೋಡ್ತಾರೆ, ಇನ್ನೊಬ್ಬರಿಗೆ 4 ಮತ್ತು 5. ಆ ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರು. ಎಸ್‌ಎಟಿಎಸ್ ನಮೂದು, ಅಕ್ಷರ ದಾಸೋಹದ ದಾಸ್ತಾನು ಪುಸ್ತಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಬ್ಯಾಂಕು, ಕ್ಲಸ್ಟರ್ ಸಭೆ, ತರಬೇತಿ, ಮತಗಟ್ಟೆ ಕೆಲಸ ಎಲ್ಲ ಅವರ ತಲೆ ಮೇಲೆ. ಅವರು ಹೊರಗೆ ಹೋದ ದಿನ ಐದೂ ತರಗತಿ ಒಬ್ಬರ ಕೈಯಲ್ಲಿ. ನಲಿ-ಕಲಿಯ ಜೀವ ಇರೋದು ಗುಂಪು ಗುಂಪಾಗಿ ಕೂತ ಮಕ್ಕಳ ನಡುವೆ ಶಿಕ್ಷಕರು ಓಡಾಡೋದರಲ್ಲಿ. ಶಿಕ್ಷಕರ ಬೆಂಬಲ ಬೇಕಾದ ಗುಂಪಿನ ಜೊತೆ ಅವರು ಕೂರೋಕೆ ಆಗದಿದ್ದರೆ ಮಗು ಅದೇ ಮೈಲಿಗಲ್ಲಲ್ಲಿ ವಾರಗಟ್ಟಲೆ ನಿಂತುಬಿಡುತ್ತೆ.

6ರಿಂದ 8ಕ್ಕೆ ಲೆಕ್ಕ ಬೇರೆ. ಮಕ್ಕಳು ಎಷ್ಟೇ ಇರಲಿ, ವಿಜ್ಞಾನ-ಗಣಿತ, ಸಮಾಜ, ಭಾಷೆ ಮೂರಕ್ಕೂ ಒಬ್ಬೊಬ್ಬರು ಇರಬೇಕು ಅಂತ ಕಾಯ್ದೆ ಹೇಳುತ್ತೆ. ನಮ್ಮಲ್ಲಿ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು 7ಕ್ಕೇ ಮುಗೀತವೆ, 6-7ರಲ್ಲಿ ಒಟ್ಟು 15 ಮಕ್ಕಳು ಇದ್ದರೆ ಮೂವರು ಯಾಕೆ ಅನ್ನೋ ಪ್ರಶ್ನೆ ಬರುತ್ತೆ. ಶಿಕ್ಷಕರನ್ನ ಬೇರೆ ಶಾಲೆಗೆ ಹಂಚೋ ಮರುಹೊಂದಾಣಿಕೆಯಲ್ಲಿ ಮೊದಲು ಹೆಚ್ಚುವರಿ ಅಂತ ಎದ್ದು ಹೋಗೋರು ಈ ಮೂವರಲ್ಲೇ ಒಬ್ಬರು, ಗಣಿತವನ್ನ ಭಾಷಾ ಶಿಕ್ಷಕರು ತಗೋತಾರೆ.

ಅತಿಥಿ ಶಿಕ್ಷಕರ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಅವರನ್ನ ಕೊಡೋದು ಖಾಲಿ ಹುದ್ದೆಗೆ. ಶಾಲೆಯ ಶಿಕ್ಷಕರು ಬೇರೆ ಕಡೆ ನಿಯೋಜನೆ ಮೇಲೆ ಹೋಗಿದ್ದರೆ ಹುದ್ದೆ ಖಾಲಿ ಅಂತ ಲೆಕ್ಕಕ್ಕೆ ಬರಲ್ಲ, ಸಂಬಳ ಇದೇ ಶಾಲೆಯ ಹೆಸರಲ್ಲಿ ಆಗ್ತಿರುತ್ತೆ. ಹಾಜರಿಯಲ್ಲಿ ಹೆಸರು, ತರಗತಿಯಲ್ಲಿ ಯಾರೂ ಇಲ್ಲ. ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಮೂರು ಕಾಲಂ ಹಾಕಿ: ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಶಾಲೆಯಲ್ಲಿ ನಿಜವಾಗಿ ಪಾಠ ಮಾಡ್ತಿರೋರು. ಒಂದು ಶಾಲೆಯ ಖಾಲಿ ಹುದ್ದೆ ಮಂಜೂರಾದ ಹುದ್ದೆಯ ಶೇ 10 ಮೀರಬಾರದು ಅಂತ 26ನೇ ಸೆಕ್ಷನ್ ಇದೆ. ಎರಡು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿ ಅಂದ್ರೆ ಶೇ 50. ಅರ್ಜಿಯಲ್ಲಿ ಇದನ್ನೇ ಬರೀರಿ.

ಮಾಲೂರು_ಪೋಷಕಿ:

ಅಡುಗೆಯವರ ಸಂಖ್ಯೆಯೂ ಹಾಗೇ ಮೇಷ್ಟ್ರೇ. 25 ಮಕ್ಕಳವರೆಗೆ ಒಬ್ಬರೇ. ಬೆಳಿಗ್ಗೆ ಹಾಲು ಕಾಯಿಸಬೇಕು, ಮೊಟ್ಟೆ ಬೇಯಿಸಿ ಸುಲೀಬೇಕು, ಅನ್ನ, ಸಾಂಬಾರು, ಪಾತ್ರೆ ಎಲ್ಲ ಅವರೇ. ಅವರಿಗೆ ಜ್ವರ ಬಂದರೆ ಯಾರು?

ನಲಿಕಲಿ_ಮೇಷ್ಟ್ರು_ಮಧುಗಿರಿ:

ಬದಲಿಗೆ ಬರೋರ ಹೆಸರನ್ನ ವರ್ಷದ ಮೊದಲೇ ಎಸ್‌ಡಿಎಂಸಿ ಸಭೆಯಲ್ಲಿ ಗೊತ್ತು ಮಾಡಿ ನಡಾವಳಿಯಲ್ಲಿ ಬರೆದಿಟ್ಟರೆ ಆ ದಿನ ಪರದಾಟ ಇರಲ್ಲ ಮೇಡಂ. ಹೊಸಬರಿಗೆ ಗ್ಯಾಸ್ ಒಲೆ ಮತ್ತು ರೆಗ್ಯುಲೇಟರ್ ಬಳಕೆ ಮೊದಲೇ ತೋರಿಸಿರಬೇಕು.

ಬಾಗೇಪಲ್ಲಿ_ಗಡಿದಂ:

ತೆಲುಗು ಮನೆಮಾತಿನ ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಒಂದನೇ ತರಗತಿಗೆ ಬರೋ ಎಷ್ಟೋ ಮಕ್ಕಳಿಗೆ ಕನ್ನಡ ಹೊಸದು. ಪಠ್ಯ ಮಾತ್ರ ತುಮಕೂರು ಪೇಟೆಯ ಮಗುವಿಗೆ ಕೊಟ್ಟಿದ್ದೇ. ಇದೂ ಸಂಪನ್ಮೂಲದ ಕೊರತೆಯೇ, ಕಟ್ಟಡದ ಹಾಗೆ ಕಣ್ಣಿಗೆ ಕಾಣಲ್ಲ ಅಷ್ಟೇ.

ಮೊದಲ ಎಂಟು ವಾರ ಅಕ್ಷರಕ್ಕೆ ಕೈ ಹಾಕದೆ ಮಾತಿಗೆ ಬಿಡಿ. ಎರಡೂ ಭಾಷೆಗೆ ಹೊಂದೋ ಕಣ್ಣು, ಕಾಲು, ಊರು, ಇಂಥ ಪದಗಳ ಚಿತ್ರಪಟ ಮೊದಲು, ಪೂರ್ತಿ ಬೇರೆಯಾದವು ಆಮೇಲೆ. ಮಗು ತೆಲುಗಲ್ಲಿ ಉತ್ತರ ಕೊಟ್ಟರೆ ತಪ್ಪು ಅನ್ನದೆ ಅದನ್ನೇ ಕನ್ನಡದಲ್ಲಿ ತಿರುಗಿ ಹೇಳಿ. ವರ್ಗಾವಣೆಯಲ್ಲಿ ದೂರದಿಂದ ಬಂದ ಶಿಕ್ಷಕರಿಗೆ ತೆಲುಗು ಬರಲ್ಲ, ಅದು ಅವರ ತಪ್ಪಲ್ಲ. ಅದೇ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನೋ ಓದಿದ ತಾಯಿಯನ್ನೋ ದಿನಕ್ಕೆ ಒಂದು ಅವಧಿ ಕೂರಿಸಿಕೊಂಡರೆ ಬಹಳ ಉಪಯೋಗ. ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಮನೆಮಾತಿನ ಕಾಲಂ ಸೇರಿಸಿ, ಒಂದನೇ ತರಗತಿಯ ಎಷ್ಟು ಮಕ್ಕಳಿಗೆ ಕನ್ನಡ ಹೊಸದು ಅಂತ ಸಂಖ್ಯೆ ಬರೀರಿ. ಕೆಜಿಎಫ್ ಕಡೆ ತಮಿಳಿಗೂ ಇದೇ ಮಾತು.

ಶಿಡ್ಲಘಟ್ಟ_ರೇಷ್ಮೆಗೂಡು:

ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 12 ಮಕ್ಕಳ ಶಾಲೆಗೆ ಸಂಪು, ಇಬ್ಬರು ಶಿಕ್ಷಕರು, ಗ್ರಂಥಾಲಯ ಅಂತ ಎಷ್ಟು ದಿನ ಕೊಡೋಕಾಗುತ್ತೆ? ಹೋಬಳಿಗೆ ಒಂದು ಒಳ್ಳೇ ಕರ್ನಾಟಕ ಪಬ್ಲಿಕ್ ಶಾಲೆ ಮಾಡಿ, ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಡೆ, ವಿಷಯಕ್ಕೊಬ್ಬ ಶಿಕ್ಷಕರು, ಲ್ಯಾಬು, ಆಟದ ಮೈದಾನ. ಮಕ್ಕಳಿಗೂ ಓರಗೆಯವರು ಸಿಗ್ತಾರೆ. ಒಂದನೇ ತರಗತಿಯಲ್ಲಿ ಒಬ್ಬಳೇ ಹುಡುಗಿ ಕೂತಿರೋದು ಸಮಾನತೆನಾ?

ಗಡಿನಾಡು_ಪಾವಗಡ:

ಬೇಜಾರು ಯಾಕೆ, ಕೇಳಬೇಕಾದ ಪ್ರಶ್ನೆಯೇ. ಆದರೆ 1ರಿಂದ 5ನೇ ತರಗತಿಗೆ 1 ಕಿ.ಮೀ. ಒಳಗೆ, 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಅನ್ನೋದು ಕಾನೂನಿನ ನೆರೆಹೊರೆ ಮಿತಿ. ಅದನ್ನ ಮೀರಿದರೆ ಸಾರಿಗೆ ಕೊಡಬೇಕು, ಸಮಗ್ರ ಶಿಕ್ಷಣದಲ್ಲಿ ಅದಕ್ಕೆ ಮಗುವಿಗೆ ವರ್ಷಕ್ಕೆ 6,000 ರೂ.ವರೆಗೆ ಅವಕಾಶ ಇದೆ. 10 ತಿಂಗಳಿಗೆ ಹಂಚಿದರೆ ತಿಂಗಳಿಗೆ 600. ಆಟೋದವರು ಐದಾರು ಮಕ್ಕಳನ್ನ ಕೂರಿಸಿಕೊಂಡು ಆ ದುಡ್ಡಿಗೆ ದಿನಾ ಎರಡು ಸಲ ಬರ್ತಾರಾ ಅಂತ ಶಾಲೆ ಮುಚ್ಚೋ ಮುಂಚೆ ಕೇಳಬೇಕು. ಮ್ಯಾಪಿನಲ್ಲಿ 1 ಕಿ.ಮೀ. ಅಂತ ಇದ್ದರೂ ನಡುವೆ ಹೆದ್ದಾರಿ, ರೈಲು ಹಳಿ, ಮಳೆಗಾಲದ ಹಳ್ಳ, ಕಲ್ಲು ಕ್ವಾರಿ ಇರ್ತವೆ. ಆರು ವರ್ಷದ ಮಗು ನಡೆಯೋ ದಾರಿಯನ್ನ ನಡೆದೇ ಅಳೀಬೇಕು.

ಶಿಡ್ಲಘಟ್ಟ_ರೇಷ್ಮೆಗೂಡು:

ದಾರಿ ವಿಷಯ ಒಪ್ಪಿದೆ ಅಕ್ಕಾ. ಹಾಗಾದರೆ 1ರಿಂದ 3 ಊರಲ್ಲೇ ಉಳೀಲಿ, 6ರ ಮೇಲಿನವರು ದೊಡ್ಡ ಶಾಲೆಗೆ ಹೋಗಲಿ. 4-5ರ ಬಗ್ಗೆ ಊರಿನ ಪೋಷಕರೇ ತೀರ್ಮಾನ ಮಾಡ್ಲಿ.

ಲೆಕ್ಕಪತ್ರ_ಗೌರಿಬಿದನೂರು:

ವಿಲೀನ ಆಗಿರೋ ಕಡೆ ಒಂದು ಪರೀಕ್ಷೆ ಮಾಡಿ. ಹಳೇ ಶಾಲೆಯ ಕೊನೇ ಹಾಜರಿ ಪುಸ್ತಕ ತಗೊಂಡು, ಒಂದೊಂದು ಮಗುವಿನ ಎಸ್‌ಎಟಿಎಸ್ ಸಂಖ್ಯೆ ಹಾಕಿ ಮುಂದಿನ ವರ್ಷ ಎಲ್ಲಿದೆ ನೋಡಿ. ಹೊಸ ಸರ್ಕಾರಿ ಶಾಲೆಗೆ ಹೋದವರು ಎಷ್ಟು, ಖಾಸಗಿಗೆ ಎಷ್ಟು, ಎಲ್ಲೂ ಸೇರದವರು ಎಷ್ಟು. ಆ ಮೂರನೇ ಸಂಖ್ಯೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಅಂತ ಬೇರೆ ಎಣಿಸಿ. ಆ ಪಟ್ಟಿ ಇಟ್ಕೊಂಡು ಮಾತಾಡಿದರೆ ಮುಚ್ಚಬೇಕೋ ಬೇಡವೋ ಅನ್ನೋದು ಆಯಾ ಊರಿಗೆ ತಕ್ಕ ಹಾಗೆ ಗೊತ್ತಾಗುತ್ತೆ.

ಚಿಂತಾಮಣಿ_ಎಲೆಕ್ಟ್ರಿಕಲ್:

ಕರೆಂಟಿನ ಬಗ್ಗೆ ಚಿಕ್ಕದಾಗಿ. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ನೀರು ಅಂತ ಪ್ರಕಟಿಸಿದ್ರು. ಮೂರೂ ಜಿಲ್ಲೆಗೆ ಕರೆಂಟು ಕೊಡೋದು ಬೆಸ್ಕಾಂ. ಮೀಟರಿನ ಆರ್‌ಆರ್ ಸಂಖ್ಯೆ ಶಾಲೆಯ ಹೆಸರಲ್ಲೇ ಇದೆಯಾ ಅಂತ ಬಿಲ್ಲಲ್ಲಿ ನೋಡಿ. ಪಕ್ಕದ ಅಂಗನವಾಡಿ ಅಥವಾ ಪಂಚಾಯ್ತಿ ಕಟ್ಟಡದಿಂದ ವೈರ್ ಎಳೆದಿರೋ ಶಾಲೆಗೆ ಸ್ವಂತ ಮೀಟರೇ ಇರಲ್ಲ, ಅಂಥವರು ಮೊದಲು ಹೊಸ ಸಂಪರ್ಕಕ್ಕೆ ಅರ್ಜಿ ಹಾಕಬೇಕು.

ಸ್ಮಾರ್ಟ್ ಕ್ಲಾಸ್ ಹಾಳಾಗೋದು ಬ್ಯಾಟರಿಯಿಂದ. ಏಪ್ರಿಲ್-ಮೇ ರಜೆಗೆ ಬ್ಯಾಟರಿ ಖಾಲಿ ಇದ್ದ ಹಾಗೇ ಬಿಟ್ಟು ಬೀಗ ಹಾಕ್ತಾರೆ, ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಜೂನ್‌ನಲ್ಲಿ ಚಾರ್ಜೇ ಹಿಡಿಯಲ್ಲ. ರಜೆಗೆ ಮುಂಚೆ ಪೂರ್ತಿ ಚಾರ್ಜ್ ಮಾಡಿ, ಲೋಡ್ ವೈರ್ ಬಿಚ್ಚಿ, ಎರಡು ವಾರಕ್ಕೊಮ್ಮೆ ಯಾರಾದರೂ ಬಂದು ಚಾರ್ಜಿಗೆ ಹಾಕಲಿ. ಡಿಸ್ಟಿಲ್ಡ್ ವಾಟರ್ ಮಟ್ಟ ಎರಡು ತಿಂಗಳಿಗೊಮ್ಮೆ ನೋಡಿ, ಬೋರ್‌ವೆಲ್ ನೀರು ಹಾಕಿದರೆ ಬ್ಯಾಟರಿ ಮುಗೀತು. ನಮ್ಮ ಕಡೆ ಒಣ ನೆಲದಲ್ಲಿ ಅರ್ಥಿಂಗ್ ಕೆಲಸ ಮಾಡಲ್ಲ, ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ವಾರಕ್ಕೊಂದು ಬಿಂದಿಗೆ ನೀರು ಹಾಕಬೇಕು. ಕಂಪ್ಯೂಟರ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂದ್ರೆ ಅದೇ ಕಾರಣ ಇರಬಹುದು, ಆಗ ಮಕ್ಕಳನ್ನ ದೂರ ಇಟ್ಟು ಮೊದಲು ಅದನ್ನ ಸರಿಮಾಡಿಸಿ.

ಲೆಕ್ಕಪತ್ರ_ಗೌರಿಬಿದನೂರು:

ಈಗ ಯೋಜನೆ ಬರೆಯೋ ಕ್ರಮ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧ ಮಹಿಳೆಯರು ಇರಬೇಕು. ಸಭೆಗೆ ಅವರು ಕೆಲಸ ಬಿಟ್ಟು ಬರಬೇಕಾಗುತ್ತೆ, ಹಾಗಾಗಿ ಸಂತೆ ದಿನ, ಗೂಡು ಮಾರುಕಟ್ಟೆಗೆ ಹೋಗೋ ದಿನ ಬಿಟ್ಟು ಸಂಜೆ ಕರೀರಿ. ವರದಿ ಕಾರ್ಡು, ನೀರಿನ ವರದಿ, ಶಿಕ್ಷಕರ ಮೂರು ಕಾಲಂ ಪಟ್ಟಿ, ಕೊಠಡಿಗಳ ಫೋಟೊ ಮುಂದಿಟ್ಟು ಕೊರತೆಗಳನ್ನ ಒಂದೇ ಅರ್ಜಿಗೆ ತುಂಬಬೇಡಿ. ಎಲ್ಲ ಬೇಡಿಕೆ ಒಂದೇ ಅರ್ಜಿಯಲ್ಲಿ ಹೋದರೆ ಅದು ಯಾರ ಮೇಜಿನ ಕೆಲಸವೂ ಅಲ್ಲದೆ ಓಡಾಡ್ತಾ ಇರುತ್ತೆ. ನೀರು, ಶೌಚಾಲಯ ಪಿಡಿಒಗೆ. ಶಿಕ್ಷಕರು, ದೊಡ್ಡ ದುರಸ್ತಿ ಬಿಇಒಗೆ, ದುರಸ್ತಿ ಅರ್ಜಿ ಜೊತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಅಂದಾಜು ಪಟ್ಟಿ ಇರಲಿ. ಕರೆಂಟು ಬೆಸ್ಕಾಂ ಉಪವಿಭಾಗಕ್ಕೆ. ಪ್ರತಿ ಅರ್ಜಿಗೂ ಸಭೆಯ ನಡಾವಳಿ ಪ್ರತಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 30 ದಿನ ಆದರೂ ಏನೂ ಆಗದಿದ್ದರೆ 10 ರೂ. ಶುಲ್ಕ ಕಟ್ಟಿ, ಅರ್ಜಿ ಮೇಲೆ ಏನು ಕ್ರಮ ಆಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಶಾಲಾ ಅನುದಾನ ಬಂದ ಮೇಲೆ ಮಾರ್ಚ್‌ವರೆಗೆ ಕಾಯಬೇಡಿ. ಈಗ ಶೂನ್ಯ ಶಿಲ್ಕಿನ ಖಾತೆ, ಅಂದ್ರೆ ದುಡ್ಡು ಶಾಲೆ ಖಾತೆಗೆ ಬರಲ್ಲ, ಶಾಲೆಗೆ ಖರ್ಚಿನ ಮಿತಿ ಮಾತ್ರ ಕೊಡ್ತಾರೆ. ಮಾರ್ಚ್ 31 ದಾಟಿದರೆ ಉಳಿದ ಮಿತಿ ಕೈತಪ್ಪುತ್ತೆ. ಕೊನೇ ವಾರ ತಂತ್ರಾಂಶ ನಿಧಾನ ಇರುತ್ತೆ, ಬಿಲ್ ತಿರಸ್ಕಾರ ಆದರೆ ಮತ್ತೆ ಹಾಕೋಕೆ ಸಮಯ ಇರಲ್ಲ. ಜನವರಿಯಲ್ಲೇ ಮುಗಿಸಿ.

ಮಾಲೂರು_ಪೋಷಕಿ:

ಶ್ರೀನಿವಾಸಪುರದ ಅಣ್ಣನಿಗೆ ಒಂದು ಪ್ರಶ್ನೆ. ನಮ್ಮ ಶಾಲೆ ಆರ್‌ಸಿಸಿ ಅಲ್ಲ. ಎರಡು ಕೋಣೆ ಹೆಂಚು, ಒಂದು ಕೋಣೆ ಸಿಮೆಂಟ್ ಶೀಟು. ಮಳೆನೀರು ಹಿಡಿಯಬಹುದಾ?

ಕೆರೆಕಟ್ಟೆ_ಶ್ರೀನಿವಾಸಪುರ:

ಹೆಂಚಿನಿಂದ ಹಿಡಿಯಬಹುದಮ್ಮಾ. ಅಂಚಿಗೆ 6 ಇಂಚಿನ ಅರೆ ಪೈಪು ಕೂರಿಸಿ, ಮೀಟರಿಗೆ ಒಂದು ಸೆಂ.ಮೀ. ಇಳಿಜಾರು ಕೊಡಿ. ಹೆಂಚು ನೀರು ಹೀರುತ್ತೆ, ಸಂದಿಯಲ್ಲಿ ಸೋರುತ್ತೆ, ಹಾಗಾಗಿ 0.8 ಬದಲು 0.7 ಹಿಡಿದು ಲೆಕ್ಕ ಹಾಕಿ. ವಿಸ್ತೀರ್ಣ ಅಳೆಯೋವಾಗ ಇಳಿಜಾರಿನ ಮೇಲೆ ಟೇಪು ಹಿಡೀಬೇಡಿ, ನೆಲದ ಮೇಲೆ ಸೂರಿನ ಅಂಚಿಂದ ಅಂಚಿಗೆ ಉದ್ದ, ಅಗಲ ಅಳೆಯಿರಿ. ಹಳೇ ಸಿಮೆಂಟ್ ಶೀಟಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುತ್ತೆ, ಆ ನೀರನ್ನ ಕುಡಿಯೋ ಸಂಪಿಗೆ ಸೇರಿಸಬೇಡಿ. ಅದಕ್ಕೆ ಬೇರೆ ಪೈಪು ಹಾಕಿ ಶೌಚಾಲಯದ ತೊಟ್ಟಿಗೆ ಬಿಡಿ. ಎರಡು ಹೆಂಚಿನ ಕೋಣೆಯ ಅಳತೆ, ಮಕ್ಕಳ ಸಂಖ್ಯೆ ಇಲ್ಲಿ ಹಾಕಿ, ಸಂಪಿನ ಅಳತೆ ಲೆಕ್ಕ ಮಾಡಿ ಕೊಡ್ತೀನಿ.

ಮಾಲೂರು_ಪೋಷಕಿ:

ಕೋಣೆ ಎರಡೂ ಸೇರಿ ಸೂರಿನ ಅಂಚಿಂದ 14 ಮೀಟರ್ ಉದ್ದ, 7 ಅಗಲ ಅಣ್ಣಾ. ಮಕ್ಕಳು 42, ಎಲ್ಲ ಐದನೇ ತರಗತಿ ಒಳಗೆ.

ಕೆರೆಕಟ್ಟೆ_ಶ್ರೀನಿವಾಸಪುರ:

14 × 7 = 98 ಚದರ ಮೀಟರ್. 98 × 0.6 × 0.7 ಅಂದ್ರೆ 41,000 ಲೀಟರ್ ಚಿಲ್ಲರೆ. 42 ಮಕ್ಕಳಿಗೆ ಕುಡಿಯೋಕೆ 63, ಅಡುಗೆಗೆ 28, ದಿನಕ್ಕೆ 91 ಲೀಟರ್. ವರ್ಷಕ್ಕೆ 20,020. ಅರ್ಧ ನೀರಲ್ಲೇ ಮುಗೀತು. ಒಣ ತಿಂಗಳಿಗೆ 9,100 ಬೇಕು, 10,000 ಲೀಟರ್ ಸಂಪು ಸಾಕು: 2.5 ಮೀಟರ್ ಉದ್ದ, 2 ಅಗಲ, 2 ಆಳ. ಪಂಚಾಯ್ತಿ ಅರ್ಜಿಯಲ್ಲಿ ಈ ಲೆಕ್ಕವನ್ನೇ ಬರೀರಿ, ಮೊದಲ ಮಳೆಯ ಡ್ರಮ್ಮು ಮತ್ತು ಸೋಸು ತೊಟ್ಟಿಯನ್ನ ಅಂದಾಜು ಪಟ್ಟಿಯಲ್ಲೇ ಸೇರಿಸೋಕೆ ಎಂಜಿನಿಯರ್‌ಗೆ ಹೇಳಿ. ಆಮೇಲೆ ಸೇರಿಸ್ತೀವಿ ಅಂದ್ರೆ ಅದಕ್ಕೆ ದುಡ್ಡು ಉಳಿದಿರಲ್ಲ.